ಬುಡ್ಡಿ ದೀಪ ಆರಿಸಿದ ಬೆರಳು

ಅರಸೀಕೆರೆ
೧೪ ಜುಲೈ ೧೯೯೬, ಭಾನುವಾರ

ಮಗಳು ಇಂದುವಿಗೆ,

ಅರಸೀಕೆರೆ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತಮೂರು ವರ್ಷ ಗುಮಾಸ್ತೆಯಾಗಿದ್ದು, ಒಂದು ದಿನವೂ ತಡವಾಗಿ ಹೋಗದೆ, ಒಂದು ಕಾಗದವನ್ನೂ ಕಳೆಯದೆ ಹೋದ ವರ್ಷ ನಿವೃತ್ತಳಾದ, ದಿವಂಗತ ಹನುಮಯ್ಯನವರ ಹೆಂಡತಿ, ನಮ್ಮ ಜನರಲ್ಲಿ ಈ ಸುತ್ತಿನಲ್ಲೇ ಎಸ್.ಎಸ್.ಎಲ್.ಸಿ. ಪಾಸು ಮಾಡಿದ ಮೊದಲನೆಯ ಹೆಂಗಸು ಸಣ್ಣತಾಯಮ್ಮ ಬರೆಯುವ ಕಾಗದ. ನಗಬೇಡ. ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟ ಕೈ ಇದು. ಬರೆಯುತ್ತಿರುವವರು ಯಾರು ಎನ್ನುವುದು ಮೊದಲ ಸಾಲಿನಲ್ಲೇ ಇರದಿದ್ದರೆ ನನಗೆ ಮುಂದಕ್ಕೆ ಓಡುವುದಿಲ್ಲ.

ಉತ್ತರ ತಡವಾಯಿತು. ನಿನ್ನ ವಿಡಿಯೋ ಕ್ಯಾಸೆಟ್ಟು ಬಂದದ್ದು ಏಪ್ರಿಲ್ ಕೊನೆಯಲ್ಲಿ, ಈಗ ಜುಲೈ. ಮಂಡಿ ನೋವು ಎಂದು ಬರೆಯಬಹುದಿತ್ತು. ನೋವು ಇರುವುದೂ ನಿಜವೇ. ಆದರೆ ಮಂಡಿ ನೋವಿಗೆ ಯಾರ ಬರೆಯುವ ಕೈಯೂ ನಿಲ್ಲುವುದಿಲ್ಲ. ಕ್ಷಮಿಸು.

ಕ್ಯಾಸೆಟ್ಟಿನ ಜೊತೆ ಮಡಿಸಿ ಇಟ್ಟಿದ್ದ ಚೀಟಿಯಲ್ಲಿ ನೀನು ಕೇಳಿದ್ದು ಒಂದೇ ಮಾತು: ‘ಅಮ್ಮ, ನಾನು ಅದರಲ್ಲಿ ಹೇಳಿದ್ದು ನಿನಗೆ ಕೇಳಿಸಿತೇ? ಅಷ್ಟು ಬರೆ, ಸಾಕು.’ ಅದಕ್ಕೆ ಉತ್ತರ ಬರೆಯುತ್ತೇನೆ. ಮೊದಲು ಊರಿನ ಸುದ್ದಿ ಮುಗಿಸಿಬಿಡುತ್ತೇನೆ.

ನಾವೆಲ್ಲ ಚೆನ್ನಾಗಿದ್ದೇವೆ. ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ನಮ್ಮ ಜಿಲ್ಲೆಯವರೇ ದೇಶದ ಪ್ರಧಾನಿಯಾಗಿರುವುದು ನಿನಗೆ ಅಲ್ಲಿಯೇ ತಿಳಿದಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ನಿನ್ನೆ ತಾನೇ ದೆಹಲಿಯಿಂದ ಇಳಿದು ಬಂದವರ ಹಾಗೆ ಮಾತಾಡುತ್ತಾರೆ. ನಮ್ಮ ಬೀದಿಯಲ್ಲಿ ಮಾತ್ರ ಇವತ್ತಿಗೂ ಸುದ್ದಿ ನಿನ್ನದೇ. ನಿನ್ನ ತಮ್ಮ ಧರ್ಮೇಶ ದಿನಾ ಬೆಳಗಿನ ಬಸ್ಸಿಗೆ ಹಳೇಬೀಡಿಗೆ ಹೋಗಿ ಬರುತ್ತಾನೆ. ಬೆಂಗಳೂರಿನಲ್ಲಿ ಆರು ತಿಂಗಳು ಕಲಿತುಬಂದ ಜರ್ಮನ್ ಭಾಷೆ ಈಗ ಅವನ ಅನ್ನವಾಗಿದೆ. ಜರ್ಮನಿಯ ಪ್ರವಾಸಿಗಳು ಬಂದರೆ ಬೇರೆ ಗೈಡುಗಳು ತಾವಾಗಿಯೇ ಇವನ ಹೆಸರು ಕೂಗುತ್ತಾರಂತೆ. ಬೇಲೂರಿಗೂ ಕರೆದುಕೊಂಡು ಹೋಗುತ್ತಾನೆ. ನಿಮ್ಮ ಅಜ್ಜಿ ಬೀದಿಯ ಆ ತುದಿಯಲ್ಲೇ ನಿಂತು ಕೈಮುಗಿದು ವಾಪಸಾಗುತ್ತಿದ್ದ ಗುಡಿಯೊಳಗೆ ನನ್ನ ಮಗ ನಿಂತು, ಇದು ಹೀಗೆ, ಅದು ಹಾಗೆ ಎಂದು ಪರದೇಶದವರಿಗೆ ತಿಳಿಸಿಕೊಡುತ್ತಾನೆ. ಒಂದು ದಿನ ಅವನಿಗೆ ಹೇಳದೆ ಹೋಗಿ ದೂರದಲ್ಲಿ ನಿಂತು ನೋಡಿಕೊಂಡು ಬಂದೆ. ಇದನ್ನು ಅವನಿಗೆ ಬರೆಯಬೇಡ, ತಲೆ ನಿಲ್ಲುವುದಿಲ್ಲ.

ಇನ್ನು ಕ್ಯಾಸೆಟ್ಟಿನ ವಿಷಯ. ಪೋಸ್ಟಿನವನು ಸಹಿ ಮಾಡಿಸಿಕೊಂಡು ಕೊಟ್ಟ. ಯಾರೋ ಪಾರ್ಸೆಲ್ ಬಿಚ್ಚಿ ನೋಡಿ ಮತ್ತೆ ಅಂಟಿಸಿದ್ದರು. ನೋಡಲಿ, ಮುಚ್ಚಿಡುವಂಥದ್ದೇನೂ ಇರಲಿಲ್ಲ. ಬುದ್ಧ ಪೂರ್ಣಿಮೆ ಕಳೆದ ಮೇಲಿನ ಭಾನುವಾರ, ಮಧ್ಯಾಹ್ನದ ಊಟ ಮುಗಿಸಿಕೊಂಡು ಎಲ್ಲರೂ ನಮ್ಮ ವಿಹಾರದ ಹಾಲಿಗೆ ಬರಬೇಕೆಂದು ಹೇಳಿ ಕಳಿಸಿದೆ. ವಿಡಿಯೋ ಅಂಗಡಿಯ ಲಕ್ಕಪ್ಪ ತಾನೇ ಟಿವಿಯನ್ನೂ ಡೆಕ್ಕನ್ನೂ ಹೊತ್ತು ತಂದು, ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿದ. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಚಾಪೆ. ನಾನು ಕುರ್ಚಿಯಲ್ಲೇ ಕೂತೆ, ಮೊದಲನೆಯ ಸಾಲಿನಲ್ಲಿ. ನನ್ನ ಪಕ್ಕದ ಕುರ್ಚಿ ನಿಮ್ಮ ದೊಡ್ಡಪ್ಪ ದ್ಯಾವಯ್ಯನವರಿಗೆ. ಅವರು ಊರಿನಿಂದ ಎರಡು ಬಸ್ಸು ಹತ್ತಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದಿದ್ದರು.

ಕೊಲೋನಿನಲ್ಲಿ ಮುದುಕರ ಆಶ್ರಮದ ನರ್ಸ್ ಆಗಿರುವವಳಿಗೆ ಟಿವಿಯವರು ಎಲ್ಲಿ ಗಂಟುಬಿದ್ದರು ಎಂದು ಎಲ್ಲರೂ ಕೇಳಿದರು. ನೀನು ಬರೆದಿದ್ದಂತೆಯೇ ಹೇಳಿದೆ: ಆಶ್ರಮದಲ್ಲಿರುವ ಒಬ್ಬ ಅಜ್ಜಿಯ ಮಗ ಟಿವಿಗೆ ಪತ್ತೇದಾರಿ ಚಿತ್ರ ಮಾಡುವವನು, ಹೊರದೇಶಗಳಿಂದ ಬಂದವರ ಮನೆಗಳಿಗೆ ಅಲ್ಲಿಯ ಪುಂಡರು ಬೆಂಕಿ ಇಡುತ್ತಿರುವ ವಿಷಯದ ಮೇಲೆ ಒಂದು ಚಿತ್ರ ಮಾಡುತ್ತಿದ್ದ, ಸತ್ತವನ ಹೆಂಡತಿಯ ಪಾತ್ರಕ್ಕೆ ನಮ್ಮ ಬಣ್ಣದ ಹೆಂಗಸು ಬೇಕಾಗಿತ್ತು, ತಾಯಿಗೆ ಮಾತ್ರೆ ಕೊಡುತ್ತಿದ್ದ ನಿನ್ನನ್ನು ನೋಡಿ ಕೇಳಿದ. ನಿನ್ನ ಭಾಷೆಯಲ್ಲೇ ಮಾತಾಡು, ಏನು ಬೇಕಾದರೂ ಹೇಳು, ಪೊಲೀಸರಿಗೂ ನೋಡುವವರಿಗೂ ಅದು ಅರ್ಥವಾಗಬಾರದು, ಅದೇ ನನಗೆ ಬೇಕಾದ್ದು ಎಂದನಂತೆ. ಅವನು ಬುದ್ಧಿವಂತನೇ ಇರಬೇಕು. ಆದರೆ ಕ್ಯಾಸೆಟ್ಟು ಅರಸೀಕೆರೆಗೆ ಬರುತ್ತದೆ ಎಂದು ಅವನಿಗೆ ಹೊಳೆದಿರಲಾರದು.

ಧರ್ಮೇಶ ಟಿವಿಯ ಪಕ್ಕ ಒಂದು ಕೋಲು ಹಿಡಿದು ನಿಂತ. ಅನುವಾದ ಮಾಡು ಎಂದರೆ ಶಿಲ್ಪ ತೋರಿಸುವ ರಾಗದಲ್ಲೇ ಶುರುಮಾಡಿದ.

“ಈಗ ತಾವು ನೋಡ್ತಾ ಇರೋದು ಕೊಲೋನ್ ನಗರ. ಎಡಗಡೆ ಹರೀತಾ ಇರೋದು ರೈನ್ ನದಿ. ಬಲಗಡೆ ಗಮನಿಸಿ, ಕೋಟು ಹಾಕಿರೋರು ಇನ್ಸ್‌ಪೆಕ್ಟರ್ ಮೇಡಂ. ಅವರ ಮುಖದಲ್ಲಿ ಸಂಶಯದ ಭಾವ.”

ಪಕ್ಕದ ಮನೆಯ ಹನುಮಮ್ಮ ಸುಮ್ಮನಿರುತ್ತಾಳೆಯೇ? “ಲೋ ಧರ್ಮೇಸ, ನಾವೇನು ಟಿಕೇಟು ತಗಂಡು ಬಂದಿರೋ ಟೂರಿಸ್ಟಾ? ನಮ್ ಇಂದು ಎಲ್ಲವ್ಳೆ, ಅದನ್ನ ಹೇಳು.”

“ಬತ್ತಾಳೆ ಇರಿ ಅತ್ತೆ. ಇನ್ನೂ ಇಪ್ಪತ್ತು ನಿಮಿಷ ಐತೆ.”

“ಹಂಗಾರೆ ಎಲೆಅಡಿಕೆ ಹಾಕ್ಕಂತೀನಿ. ಬಂದಾಗ ಕೂಗು.”

ಆದರೆ ಕಥೆ ಹತ್ತಿದ ಮೇಲೆ ಅವಳೂ ಎಲೆ ಕೈಯಲ್ಲೇ ಹಿಡಿದು ಕೂತಳು. ಲಂಕೆಯಿಂದ ಹೋದ ಒಬ್ಬ ಅಡುಗೆಯವನು. ಹೋಟೆಲಿನಲ್ಲಿ ದುಡಿದು, ಒಳ್ಳೆಯ ಬೀದಿಯಲ್ಲಿ ಒಂದು ಪುಟ್ಟ ಮನೆ ಹಿಡಿಯುತ್ತಾನೆ, ಕಿಟಕಿಗೆ ಹೊಸ ಪರದೆ ಹಾಕುತ್ತಾನೆ. ತಲೆ ಬೋಳಿಸಿಕೊಂಡು ದಪ್ಪ ಬೂಟು ಹಾಕಿದ ನಾಲ್ಕು ಜನ ಎದುರಿಗೆ ನಿಂತು ಏನೋ ಕೂಗುತ್ತಾರೆ. ‘ಇದು ನಮ್ಮ ಬೀದಿ ಅಂತಾವ್ರೆ’ ಎಂದ ಧರ್ಮೇಶ. ಅದನ್ನು ತಿಳಿಯಲು ನನಗೆ ಅವನ ಅನುವಾದ ಬೇಕಿರಲಿಲ್ಲ. ನಿಮ್ಮಪ್ಪ ಊರಿನ ನಡುಬೀದಿಯಲ್ಲಿ ನಿವೇಶನ ಕೊಂಡು ಹೆಂಚಿನ ಮನೆ ಎಬ್ಬಿಸಿದಾಗ ಅದೇ ಮಾತು, ಅದೇ ದನಿ. ನಮ್ಮೂರಿನವರ ತಲೆಯ ಮೇಲೆ ಕೂದಲಿತ್ತು, ಅಷ್ಟೇ.

ಬೆಂಕಿ ಬಿತ್ತು, ಅಡುಗೆಯವನು ಸತ್ತ. ಅಲ್ಲಿಯ ಪೊಲೀಸರು ಬಂದು ಮೊದಲು ನೋಡಿದ್ದು ಅಡುಗೆಮನೆಯನ್ನು. ಒಲೆ ಆರಿಸದೆ ಮಲಗಿರಬೇಕು ಎಂದು ಅವರ ಲೆಕ್ಕ. ನಮ್ಮ ಕಚೇರಿಯಲ್ಲಿ ಜವಾನನಾಗಿದ್ದ ನಂಜಪ್ಪ ಹಿಂದಿನಿಂದ ಕೂಗಿದ: “ಒಲೆ ಅಂತೆ ಒಲೆ! ಯಾವ ದೇಸಕ್ಕೋದ್ರೂ ಪೊಲೀಸ್ನೋರಿಗೆ ಮದ್ಲು ಸಿಗಾದು ಒಲೇನೇ ಕಣ್ರಪ್ಪ!”

ಹಾಲಿನಲ್ಲಿ ಎಲ್ಲರೂ ನಕ್ಕರು. ಆಮೇಲೆ ಮುಂದಿನ ಕುರ್ಚಿಯಲ್ಲಿ ಕೂತಿರುವವಳು ಯಾರು ಎಂದು ನೆನಪಾಗಿ ನಿಲ್ಲಿಸಿದರು. ಹನುಮಯ್ಯನವರು ಬುಡ್ಡಿ ದೀಪ ಉರುಳಿ ಮನೆಗೆ ಬೆಂಕಿ ಹತ್ತಿ ತೀರಿಹೋದರು ಎಂದು ಇಲ್ಲಿ ಎಲ್ಲರಿಗೂ ಗೊತ್ತು. ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ನೀನು ಬಂದೆ.

ಇಂದು, ಆ ನೇರಳೆ ಸೀರೆ ಕಳಿಸು ಎಂದು ನೀನು ಬರೆದಾಗ ಯಾಕೆಂದು ನಾನು ಕೇಳಿರಲಿಲ್ಲ. ನನ್ನ ನಿವೃತ್ತಿಯ ದಿನ ತಹಶೀಲ್ದಾರರ ಕೈಯಲ್ಲಿ ಹಾರ ಹಾಕಿಸಿಕೊಂಡಾಗ ಉಟ್ಟಿದ್ದ ಸೀರೆ ಅದು. ಅದೇ ಸೀರೆಯಲ್ಲಿ, ನಾನು ಕಚೇರಿಗೆ ಹೊದೆಯುತ್ತಿದ್ದಂತೆಯೇ ಎರಡೂ ಹೆಗಲಿಗೆ ಸೆರಗು ಹೊದ್ದು, ಬೆನ್ನು ನೆಟ್ಟಗೆ ಇಟ್ಟುಕೊಂಡು ಪೊಲೀಸ್ ಠಾಣೆಯ ಬಾಗಿಲಲ್ಲಿ ನಿಂತಿದ್ದೀಯ. ಮಕ್ಕಳು ಚಪ್ಪಾಳೆ ಹೊಡೆದವು. ಲಕ್ಕಪ್ಪ ಸಿಳ್ಳೆ ಹಾಕಿದ. 

ಹನುಮಮ್ಮ ಮಾತ್ರ ನನ್ನ ಕಾಲು ಹಿಡಿದು ಅಲ್ಲಾಡಿಸಿದಳು. “ಮದ್ವೇನೇ ಆಗ್ದಿರೋ ಹುಡ್ಗೀಗೆ ಮುಂಡೆ ಪಾಲ್ಟು ಕೊಟ್ಟವ್ರಲ್ಲೇ ಸಣ್ಣತಾಯಿ! ಬರೀ ಹಣೇಲಿ ಮಗೀನ ನೋಡಕಾಯ್ತದಾ?”

“ಇಪ್ಪತ್ತೈದು ವರ್ಷದಿಂದ ನಾನೂ ಅದೇ ಪಾಲ್ಟು ಮಾಡ್ತಾ ಇದ್ದೀನಿ, ದಿನಾ ನೋಡ್ತಿಲ್ವೇನೇ? ಸುಮ್ನೆ ಕೂತ್ಕೋ.”

ಕೂತಳು.

ಇನ್ಸ್‌ಪೆಕ್ಟರಮ್ಮ ನಿನ್ನನ್ನು ಏನೋ ಕೇಳಿದಳು. “ಮಲಗೋ ಮುಂಚೆ ಒಲೆ ಆರಿಸಿದ್ರಾ ಅಂತ ಮೇಡಂ ಕೇಳ್ತಾವ್ರೆ” ಎಂದ ಧರ್ಮೇಶ. ನೀನು ಬಾಯಿ ತೆರೆದೆ. ಅವನೂ ಅನುವಾದಕ್ಕೆ ಬಾಯಿ ತೆರೆದ. ಹಾಗೆಯೇ ಮುಚ್ಚಿಕೊಂಡ.

“ಬುಡ್ಡಿ ನಾನೇ ಆರ್ಸಿದ್ದೆ ಸಾಮಿ. ಎರಡು ಬೆರಳ್ನಾಗೆ ಬತ್ತಿ ಅದುಮಿ ಆರ್ಸಿದ್ದೆ. ಕೆಂಡ ಇರ್ನಿಲ್ಲ. ಗೂಡಿನಾಗೆ ತಣ್ಣಗಿತ್ತು. ಮುಟ್ಟಿ ನೋಡ್ಬುಟ್ಟೇ ಮನೀಕಂಡಿದ್ದು. ನನ್ನ ಯಾರೂ ಕೇಳ್ನಿಲ್ಲ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ.”

ಹೇಳುತ್ತಾ ನೀನು ಹೆಬ್ಬೆರಳು ತೋರುಬೆರಳು ಎರಡನ್ನೂ ನಾಲಿಗೆಗೆ ತಾಗಿಸಿ, ಗಾಳಿಯಲ್ಲಿ ಬತ್ತಿಯನ್ನು ಅದುಮಿ ತೋರಿಸಿದೆ. ಕ್ಯಾಮರಾದವನು ಆ ಎರಡು ಬೆರಳನ್ನೇ ಟಿವಿ ತುಂಬ ತೋರಿಸಿದ.

 ನಿಮ್ಮ ದೊಡ್ಡಪ್ಪ ಎದ್ದು ಬೀಡಿ ಸೇದಲು ಹೊರಗೆ ಹೋದರು. ಆಮೇಲೆ ಹನುಮಮ್ಮನೇ ಮೂಗು ಒರೆಸಿಕೊಂಡು, “ಅಷ್ಟು ದೂರ್ದಾಗೆ, ಆ ಕೆಂಪು ಜನದ ಮುಂದೆ ನಮ್ ಮಾತು ಆಡ್ಬುಟ್ಳಲ್ಲೇ ಇವ್ಳು!” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಲಕ್ಕಪ್ಪ ರಿವೈಂಡ್ ಮಾಡಿ ಮೂರು ಸಲ ತೋರಿಸಿದ. ನಂಜಪ್ಪ, “ಏನ್ ಪಾಲ್ಟು ಮಾಡವ್ಳಮ್ಮಾ, ಯಾರು ಹೇಳ್ಕೊಟ್ರು?” ಎಂದು ಕೇಳಿದ. “ಪಾತ್ರ ಅವಳದು, ಮಾತೂ ಅವಳದೇ. ಅವಳು ನನ್ನ ಮಗಳು” ಎಂದೆ. ನನ್ನ ದನಿ ಸರಿಯಾಗಿಯೇ ಇತ್ತು.

ಕಥೆ ಮುಗಿದ ರೀತಿಯೂ ಎಲ್ಲರಿಗೂ ಒಪ್ಪಿತವಾಯಿತು. ಸುಟ್ಟ ಬಾಗಿಲಿನ ಚೂರಿನಲ್ಲಿ ಪೆಟ್ರೋಲು ಸಿಕ್ಕಿತು. ಆ ಪುಂಡರಲ್ಲಿ ಒಬ್ಬನ ಅಪ್ಪ ಊರಿನ ದೊಡ್ಡ ಮನುಷ್ಯ. ಠಾಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತ. ಇನ್ಸ್‌ಪೆಕ್ಟರಮ್ಮ ಅವನಿಗೆ ಬಾಗಿಲು ತೋರಿಸಿದಳು. ನಾಲ್ಕೂ ಜನಕ್ಕೆ ಬೇಡಿ ಬಿತ್ತು. “ಹಿಡುದ್ರು, ಹಿಡುದ್ರು!” ಎಂದು ಮಕ್ಕಳು ಕುಣಿದವು. ದೊಡ್ಡಪ್ಪ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. ಒಳಗೆ ಬರಲಿಲ್ಲ. ಊಟಕ್ಕೂ ನಿಲ್ಲದೆ ಐದು ಗಂಟೆಯ ಬಸ್ಸಿಗೆ ಹೊರಟುಹೋದರು.

ನಿನ್ನ ಪ್ರಶ್ನೆಗೆ ಉತ್ತರ: ಕೇಳಿಸಿತು. ದನಿ ಸ್ಪಷ್ಟವಾಗಿತ್ತು. ‘ಐತೆ’, ‘ಬುಟ್ಟೆ’ ಎಂದರೆ ನಿನ್ನ ತಲೆಗೆ ಮೊಟಕಿ ಮೊಟಕಿ ಪುಸ್ತಕದ ಮಾತು ಕಲಿಸಿದವಳು ನಾನು. ಅಷ್ಟು ವರ್ಷದ ಮೇಲೆ ನೀನು ಊರಿನ ಮಾತನ್ನೇ ಆರಿಸಿಕೊಂಡಿದ್ದೀಯ. ಪಾತ್ರಕ್ಕೆ ಅದು ಒಪ್ಪಿತು. ಅಭಿನಯ ಚೆನ್ನಾಗಿತ್ತು.

ಟ್ರಾಮಿನಲ್ಲಿ ಒಬ್ಬ ನಿನ್ನ ಪಕ್ಕದಿಂದ ಎದ್ದು ಹೋಗಿ, ನಿನ್ನ ಕಾಲಿನ ಬಳಿ ಉಗುಳಿದ ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಇಳಿಯಬೇಕಾದ ಜಾಗಕ್ಕಿಂತ ಮುಂಚೆ ಇಳಿಯಲಿಲ್ಲ ಎಂದೂ ಬರೆದಿದ್ದೆ. ಒಳ್ಳೆಯದು ಮಾಡಿದೆ. ಟಿಕೆಟು ಇರುವ ತನಕ ಕೂತಿರಬೇಕು. ನಮ್ಮ ಊರಿಗೆ ಬರಬೇಕೆನಿಸಿದರೆ ನಾಳೆಯೇ ಬಾ. ಹೆದರಿ ಮಾತ್ರ ಬರಬೇಡ.

ನಿನ್ನ ಬೆನ್ನು ಯಾವಾಗಲೂ ಹೀಗೆಯೇ ನೆಟ್ಟಗಿರಲಿ. ನಿನ್ನ ಕೈಯ ಆರೈಕೆಯಲ್ಲಿರುವ ಮುದುಕರು ನಿನ್ನನ್ನು ಹರಸಲಿ. ಬುದ್ಧ ಬಾಬಾಸಾಹೇಬರು ನಡೆದ ದಾರಿ ನಿನಗೆ ಬೆಳಕಾಗಲಿ.

ನಿನ್ನ ತಾಯಿ,
ಸಣ್ಣತಾಯಮ್ಮ

೧೭ ಜುಲೈ, ಬುಧವಾರ

ಇಂದು, ಮೇಲಿನದನ್ನು ಲಕೋಟೆಗೆ ಹಾಕಿ ಅಂಟಿಸಿ, ಪೋಸ್ಟ್ ಆಫೀಸಿನ ಡಬ್ಬದ ತನಕ ಹೋಗಿದ್ದೆ. ಹಾಕಲಾಗಲಿಲ್ಲ. ಮನೆಗೆ ತಂದು ಒಡೆದೆ. ಅಭಿನಯ ಚೆನ್ನಾಗಿತ್ತು ಎಂದು ಬರೆದು ಕಳಿಸಿದರೆ ನಾನು ನಿನ್ನ ತಾಯಿಯಲ್ಲ. ನೀನು ಅಭಿನಯ ಮಾಡಿರಲಿಲ್ಲ.

ಮುತ್ತೈದೆಯಾದವಳು ದೀಪ ಆರಿಸಬಾರದು ಎಂದು ನಿಮ್ಮ ಅಜ್ಜಿ, ನಾನು ಮದುವೆಯಾಗಿ ಬಂದ ವಾರವೇ ನನ್ನ ಕೈ ತಡೆದಿದ್ದರು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಹಿರಿಯರ ಮಾತೆಂದು ಒಪ್ಪಿದ್ದೆ. ನಿನಗೆ ಆರು ವರ್ಷ ತುಂಬಿದಾಗ ಆ ಕೆಲಸ ನಿನ್ನದಾಯಿತು. ದಿನಾ ಮಲಗುವಾಗ ‘ಇಂದೂ, ಬುಡ್ಡಿ’ ಎಂದರೆ ಸಾಕು, ಬೆರಳಿಗೆ ಎಂಜಲು ತಾಗಿಸಿಕೊಂಡು ಓಡುತ್ತಿದ್ದೆ. ಸುಟ್ಟುಕೊಳ್ಳದೆ ಬತ್ತಿ ಅದುಮುವುದು ನಿನಗೆ ಹೆಮ್ಮೆ. ಬೆಂಕಿ ಬಿದ್ದ ರಾತ್ರಿಯೂ ನೀನೇ ಆರಿಸಿದ್ದೆ. ಗೂಡಿನಲ್ಲಿ ಅದು ತಣ್ಣಗಿದ್ದುದನ್ನು ನಾನೇ ನೋಡಿದ್ದೇನೆ. ಬೆಂಕಿ ಹತ್ತಿದ್ದು ಹಿತ್ತಲಿನ ಚಪ್ಪರದಿಂದ. ನಿಮ್ಮಿಬ್ಬರನ್ನು ನಾನು ಹೊರಗೆ ಎಳೆದು ತಂದೆ. ನಿಮ್ಮಪ್ಪ ಅಜ್ಜಿಯನ್ನು ಎತ್ತಿಕೊಂಡು ಬರಲು ಹೋದರು. ಅಜ್ಜಿಯನ್ನು ಬಾಗಿಲಾಚೆ ದಾಟಿಸಿದ ಮೇಲೆ ತೊಲೆ ಬಿತ್ತು. ಹಾಸನದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು.

ನಾಲ್ಕನೆಯ ದಿನ ಠಾಣೆಗೆ ಕರೆಸಿದರು. ಊರಿನ ರಾಮಣ್ಣ ಜಗಲಿಯ ಮೇಲೆ ಕೂತಿದ್ದ. ನಮ್ಮ ನಿವೇಶನಕ್ಕೆ ಮೊದಲಿನಿಂದ ಅಡ್ಡ ನಿಂತವನು ಅವನೇ. ನನ್ನನ್ನು ನೋಡಿ ಬಹಳ ಮೆಲ್ಲಗೆ ಹೇಳಿದ: “ಹೆಣ್ಣು ಮಗ ಐತೆ ನಿಂಗೆ. ದಿನಾ ಕೆರೆ ಏರಿ ಮ್ಯಾಲೆ ಒಂಟಿಯಾಗಿ ಇಸ್ಕೂಲಿಗೆ ಓಯ್ತದೆ. ಯೋಚ್ನೆ ಮಾಡಿ ಬರಿ.” ನೀನು ಆಗ ಠಾಣೆಯ ಹೊಂಗೆ ಮರದ ಕೆಳಗೆ ತಮ್ಮನನ್ನು ಎತ್ತಿಕೊಂಡು ನಿಂತಿದ್ದೆ. ‘ನಿಮಗೇ ಅಕ್ಷರ ಬರುತ್ತದಲ್ಲ’ ಎಂದು ಪೊಲೀಸಿನವನು ಕಾಗದ ನನ್ನ ಮುಂದೆ ತಳ್ಳಿದ. ನಾನೇ ಬರೆದೆ: ಬುಡ್ಡಿ ದೀಪ ಉರುಳಿ ಬೆಂಕಿ ಹತ್ತಿತು, ಯಾರ ಮೇಲೂ ಸಂಶಯವಿಲ್ಲ. ಅವನು ಓದಿ, ‘ಎಂಥ ದುಂಡು ಅಕ್ಷರ’ ಎಂದು ಹೊಗಳಿದ. ಮಾರನೆಯ ವಾರ ನಿಮ್ಮನ್ನು ಕರೆದುಕೊಂಡು ಅರಸೀಕೆರೆಗೆ ಬಂದುಬಿಟ್ಟೆ.

ನಿನ್ನನ್ನು ಉಳಿಸಿಕೊಳ್ಳಲು ಬರೆದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ಆದರೆ ಆ ಮನೆಯಲ್ಲಿ ದೀಪ ಆರಿಸುವವಳು ನೀನೊಬ್ಬಳೇ. ದೀಪ ಉರುಳಿತು ಎಂದು ನಾನು ಬರೆದರೆ ಅಪ್ಪನನ್ನು ಕೊಂದವಳು ನೀನು ಎಂದು ಬರೆದಂತಾಯಿತು. ಬರೆಯುವಾಗ ಇದು ನನಗೆ ಹೊಳೆಯಲಿಲ್ಲ. ಆಮೇಲೆ ಹೊಳೆಯದ ಹಾಗೆ ನೋಡಿಕೊಂಡೆ. ಇಲ್ಲಿಗೆ ಬಂದ ಹೊಸತರಲ್ಲಿ ನೀನು ಒಂದೇ ಒಂದು ಸಲ ಕೇಳಿದ್ದೆ, “ಅಮ್ಮ, ನಾನು ಸರಿಯಾಗಿ ಆರ್ಸಿದ್ನಾ?” ಎಂದು. “ಆಗಿದ್ದು ಆಯಿತು, ಹೋಗಿ ಓದಿಕೋ” ಎಂದೆ. ಮತ್ತೆ ನೀನು ಕೇಳಲಿಲ್ಲ. ನೀನು ಹೈಸ್ಕೂಲಿನಲ್ಲಿದ್ದಾಗ ಸ್ಟವ್ ಆರಿಸಿದ ಮೇಲೂ ಮೂರು ಮೂರು ಸಲ ಎದ್ದುಬಂದು ನೋಡುತ್ತಿದ್ದೆ. ನನ್ನ ಮಗಳ ಜವಾಬ್ದಾರಿ ನೋಡಿ ಎಂದು ನಾನು ಕಚೇರಿ ತುಂಬ ಹೇಳಿಕೊಂಡು ತಿರುಗಿದೆ. 

ಸೋಮವಾರ ಬೆಳಿಗ್ಗೆ ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿ, ಅಲ್ಲಿಂದ ನಮ್ಮೂರಿಗೆ ಹೋದೆ. ಅರ್ಜಿ ಮೂರು ಪ್ರತಿ ಬರೆದು ತೆಗೆದುಕೊಂಡಿದ್ದೆ. ದೊಡ್ಡಪ್ಪ ಕೊಟ್ಟಿಗೆಯ ಮುಂದೆ ಕೂತಿದ್ದರು.

“ಭಾವ, ಆ ದಿನ ಸೀಮೆಎಣ್ಣೆ ಡಬ್ಬ ಹಿಡಿದು ನಮ್ಮ ಹಿತ್ತಿಲಿಂದ ಓಡಿಹೋದ ರಾಮಣ್ಣನ್ನೂ ಅವನ ಭಾಮೈದನ್ನೂ ನೀವು ನೋಡಿದ್ರಿ, ಆವತ್ತೇ ನನಗೆ ಹೇಳಿದ್ರಿ. ಅದನ್ನ ಬರೆದಿದ್ದೀನಿ. ನೀವು ಹೆಬ್ಬೆಟ್ಟು ಒತ್ತಬೇಕು.”

“ಇಪ್ಪತ್ತೈದು ವರ್ಸದ ಮಾತು ಕಣವ್ವ. ಅವನ ಭಾಮೈದ ಸತ್ತೋದ. ರಾಮಣ್ಣಾನೂ ಹಾಸಿಗೆ ಹಿಡುದವ್ನೆ.”

“ಹಾಸಿಗೆ ಹಿಡಿದವನ ಹೆಸರೇನು ಅಳಿಸಿಹೋಗಿದೆಯಾ ಭಾವ?”

“ನಾವು ಇಲ್ಲೇ ಬಾಳ್ಬೇಕಲ್ಲವ್ವ. ನಿಂಗೇನು, ಬಸ್ಸು ಹತ್ತಿ ಓಯ್ತೀಯ.”

ಅರ್ಜಿಗಳನ್ನು ಮಡಿಸಿಕೊಂಡೆ. ಎದ್ದು ನಿಂತೆ. ಅವರು ಬೀಡಿಯನ್ನು ಕಾಲಲ್ಲಿ ಹೊಸಕಿದರು. ಆಮೇಲೆ, “ಟಿವೀನಾಗೆ ಮಗ ನನ್ನ ಮಕ ನೋಡ್ಕಂಡೇ ಹೇಳ್ದಂಗಿತ್ತು ಕಣವ್ವ. ಅದುಕ್ಕೇ ಎದ್ದೋದೆ. ತಾ ಇಲ್ಲಿ. ಎಲ್ಲಿ ಒತ್ಬೇಕು?” ಎಂದರು. ಮೂರು ಪ್ರತಿಗೂ ಒತ್ತಿದರು.

ಒಂದು ಪ್ರತಿಯನ್ನು ಹಾಸನದ ಪೊಲೀಸ್ ಅಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಇನ್ನೊಂದನ್ನು ನಿನ್ನೆ ಬೇಲೂರಿನ ತಾಲ್ಲೂಕು ಕಚೇರಿಗೆ ನಾನೇ ಒಯ್ದೆ. ಟಪಾಲಿನ ಮೇಜಿನಲ್ಲಿ ಒಬ್ಬಳು ಹೊಸ ಹುಡುಗಿ. ಓದುತ್ತಾ ಓದುತ್ತಾ ಅವಳ ಮುಖ ಸಣ್ಣದಾಯಿತು.

“ಅಮ್ಮಾ, ಮೊದಲು ಕೊಟ್ಟ ಹೇಳಿಕೆ ಸುಳ್ಳು ಅಂತ ನೀವೇ ಬರೆದಿದ್ದೀರಿ. ನಿಮ್ಮ ಮೇಲೇ ತಿರುಗುತ್ತೆ. ಪೆನ್ಷನ್ ಬರೋರು ನೀವು.”

“ಅದನ್ನ ಮೇಲಿನವರು ಯೋಚನೆ ಮಾಡಲಿ. ನೀನು ಮೊಹರು ಹಾಕಮ್ಮ.”

“ಇಷ್ಟು ವರ್ಷ ಆದ್ಮೇಲೆ ಏನು ಪ್ರಯೋಜನ ಅಮ್ಮಾ?”

“ಟಪಾಲು ಪುಸ್ತಕದಲ್ಲಿ ಪ್ರಯೋಜನ ಅನ್ನೋ ಕಾಲಂ ಎಲ್ಲಿದೆ, ತೋರಿಸು. ಇಪ್ಪತ್ತಮೂರು ವರ್ಷ ಆ ಪುಸ್ತಕ ಬರೆದಿದ್ದೀನಿ, ನನಗಂತೂ ಸಿಗಲಿಲ್ಲ.”

ಅವಳು ಪೆನ್ನು ಎತ್ತಿಕೊಂಡಳು. ಪುಸ್ತಕ ತೆರೆದು ನಂಬರು ಬರೆದಳು. ಮೊಹರು ಎತ್ತಿ ಎರಡೂ ಪ್ರತಿಗೆ ಒತ್ತಿದಳು.

ನನ್ನ ಪಾಲಿನ ಪ್ರತಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದು ನಿನ್ನದು. ಅದರ ನಾಲ್ಕನೆಯ ಸಾಲು ಓದಿಕೋ. ‘ಆ ರಾತ್ರಿ ನಮ್ಮ ಮನೆಯ ದೀಪವನ್ನು ನನ್ನ ಮಗಳು ಇಂದು, ವಯಸ್ಸು ಒಂಬತ್ತು, ಮಲಗುವ ಮುಂಚೆ ಸರಿಯಾಗಿ ಆರಿಸಿದ್ದಳು.’ ಕೆಳಗೆ ನನ್ನ ಸಹಿ ಇದೆ. ಅದರ ಪಕ್ಕದಲ್ಲಿ ಸರ್ಕಾರದ ಮೊಹರು ಬಿದ್ದಿದೆ.